ಡಬ್ಬಿಯಲ್ಲಿಲ್ಲದ ವಾಗ್ದಾನ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಕತ್ತರಿ ಕೈಗೆ ಸಿಗುತ್ತಿರಲಿಲ್ಲ. ಹೊಲಿಗೆಗೆ ಬೇಕೆಂದು ನನ್ನ ಹೆಂಡತಿ ಸುಲೋಚನಾ ಮನೆಯೆಲ್ಲ ಹುಡುಕುತ್ತಿದ್ದಳು. ಅದು ನನ್ನ ಮೇಜಿನ ಮೇಲೆ ಕಾಗದದ ಚೂರುಗಳ ಅಡಿಯಲ್ಲಿ ಬಿದ್ದಿರುತ್ತಿತ್ತು. ಹೊಸ ವರ್ಷದ ಆರಾಧನೆಗೆ ವಾಗ್ದಾನದ ಚೀಟಿಗಳನ್ನು ತಯಾರು ಮಾಡುವುದು ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಯುವಜನ ಸೇವಕನಾದ ನನ್ನ ಪಾಲಿಗೆ ಬಂದ ಕೆಲಸ. ಈಗ ಈ ಸೇವೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, “ಅಂಕಲ್, ನಿಮ್ಮ ಅನುಭವ ಹೇಳ್ರಿ” ಅನ್ನುತ್ತಾರೆ. ಎಷ್ಟು ಶಿಬಿರ ನಡೆಸಿದೆ, ಎಷ್ಟು ಜನರ ಬದುಕು ಬದಲಾಯಿತು ಎಂದು ಕೇಳುವ ಆಸೆ ಅವರಿಗೆ. ನನಗೆ ನೆನಪಾಗುವುದು ಆ ಕತ್ತರಿ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಉತ್ಸಾಹ ಬೇಕಾದವರು ಬೇರೆ ಯಾರನ್ನಾದರೂ ಕೇಳಿ. ನಮ್ಮ ಸಭೆಗಳಲ್ಲಿ ಅದಕ್ಕೇನೂ ಬರ ಬಂದಿಲ್ಲ.

ಪದ್ಧತಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವೇದಪುಸ್ತಕದಲ್ಲಿ ದೇವರು ಕೊಟ್ಟ ಭರವಸೆಯ ಮಾತುಗಳನ್ನು ಆರಿಸಿ, ಒಂದೊಂದನ್ನು ಒಂದೊಂದು ದಪ್ಪ ಕಾಗದದ ಚೀಟಿಯ ಮೇಲೆ ಬರೆದು ಡಬ್ಬಿಯಲ್ಲಿ ಹಾಕುತ್ತೇವೆ. ಹೊಸ ವರ್ಷದ ಬೆಳಿಗ್ಗೆ ಮಕ್ಕಳಿಂದ ಮುದುಕರ ತನಕ ಎಲ್ಲರೂ ಸಾಲಾಗಿ ಬಂದು ಕಣ್ಣು ಮುಚ್ಚಿ ಒಂದು ಚೀಟಿ ಎತ್ತುತ್ತಾರೆ. ಎತ್ತಿದವರು ಸಭೆಯ ಕಡೆ ತಿರುಗಿ ಅದನ್ನು ಗಟ್ಟಿಯಾಗಿ ಓದಬೇಕು, ಸಭೆ ‘ಆಮೆನ್’ ಅನ್ನಬೇಕು. ಆ ವರ್ಷವಿಡೀ ಅದು ದೇವರು ಅವರೊಬ್ಬರಿಗೇ ಹೇಳಿದ ಮಾತು. ಮನೆಗೆ ಹೋಗಿ ಕನ್ನಡಿಯ ಮೂಲೆಗೋ ಫ್ರಿಜ್ಜಿನ ಬಾಗಿಲಿಗೋ ಅಂಟಿಸಿಕೊಳ್ಳುತ್ತಾರೆ.

ಮೊದಲು ಎಲ್ಲವನ್ನೂ ನಾನೇ ಕೈಯಿಂದ ಬರೆಯುತ್ತಿದ್ದೆ, ಆಮೇಲೆ ಪುಣೆಯ ಕ್ಯಾಂಪ್ ಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚು ಹಾಕಿಸತೊಡಗಿದೆ. ಆರಿಸುವುದು ಮಾತ್ರ ನಾನೇ. ಹೀಗಾಗಿ ಡಬ್ಬಿಯಲ್ಲಿರುವ ಪ್ರತಿಯೊಂದು ಮಾತೂ ನನಗೆ ಬಾಯಿಪಾಠ. ಬೈದದ್ದು, ಎಚ್ಚರಿಸಿದ್ದು, ಶಪಿಸಿದ್ದು ಯಾವುದನ್ನೂ ನಾನು ಸೇರಿಸುತ್ತಿರಲಿಲ್ಲ. ಹರಯದ ಮಕ್ಕಳ ಕೈಗೆ ಹೊಸ ವರ್ಷದ ದಿನ ಶಾಪ ಕೊಡುವುದುಂಟೇ? ಸುಲೋಚನಾ ಚೀಟಿ ಮಡಚಿಕೊಡುತ್ತ ನಗುತ್ತಿದ್ದಳು. “ಬರೇ ಬೆಲ್ಲ ಆರಿಸಿಟ್ಟೀರಿ. ಬೇವು ಎಲ್ಲೆ ಬಚ್ಚಿಟ್ರಿ?”

ಬೇವು ತಾನಾಗಿಯೇ ಬರುತ್ತದೆ ಎಂದು ಕಲಿಯಲು ನನಗೆ ತಡವಾಗಲಿಲ್ಲ. ಶಿರೂರಿನಿಂದ ನಮ್ಮ ಸಭೆಗೆ ಬರುತ್ತಿದ್ದ ಒಬ್ಬ ಹುಡುಗಿಗೆ, ಅವಳು ಎಲ್ಲರಿಗಿಂತ ಮುಂದೆ ಇರುತ್ತಾಳೆ ಎಂಬ ಅರ್ಥದ ಚೀಟಿ ಬಂತು. ದೇವರೇ ಹೇಳಿದ ಮೇಲೆ ಪುಸ್ತಕ ತೆರೆಯುವುದು ಅಪನಂಬಿಕೆ ಅನ್ನಿಸಿತೋ ಏನೋ, ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ನಪಾಸಾಗಿಬಿಟ್ಟಳು. ತಾಯಿ ಆ ಚೀಟಿ ಹಿಡಿದುಕೊಂಡು, ಕೆಟ್ಟ ಮಿಕ್ಸರ್ ಜೊತೆ ಗ್ಯಾರಂಟಿ ಕಾರ್ಡ್ ತಂದವರ ಹಾಗೆ, ನಮ್ಮ ಮನೆಗೆ ಬಂದಳು. “ಇದಕ್ಕೇನಂತೀರಿ ಪಾಸ್ಟರ್?” ಅಂದಳು. ನಾನು ಏನೋ ಅಂದೆ. ದೇವರ ಸಮಯ ಬೇರೆ, ನಮ್ಮ ಸಮಯ ಬೇರೆ ಅಂದಿರಬೇಕು. ನಮ್ಮ ವೃತ್ತಿಯಲ್ಲಿ ಇಂಥ ಮಾತುಗಳು ಕಿಸೆಯಲ್ಲೇ ಇರುತ್ತವೆ.

ಇನ್ನೊಂದು ವರ್ಷ ಪ್ರೆಸ್ಸಿನವರ ಅಚಾತುರ್ಯದಿಂದ ಒಂದು ಖಾಲಿ ಚೀಟಿ ಡಬ್ಬಿಗೆ ಸೇರಿಬಿಟ್ಟಿತು. ಅದು ಬಂದದ್ದು ತಳೇಗಾಂವದ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದ ಪ್ರಕಾಶನಿಗೆ. ಹುಡುಗ ಸಭೆಯ ಮುಂದೆ ನಿಂತು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದ. “ಏನೂ ಇಲ್ರಿ ಇದರಾಗ” ಅಂದ. ಆಮೆನ್ ಅನ್ನಲು ಬಾಯಿ ತೆರೆದವರು ಹಾಗೇ ಕುಳಿತರು. ಅವನ ಅಕ್ಕ ಅಳತೊಡಗಿದಳು. ಇನ್ನೊಂದು ಎತ್ತು ಅಂದೆ, ಅವನು ಒಪ್ಪಲಿಲ್ಲ. ಆ ವರ್ಷವೆಲ್ಲ ಜನ ಅವನನ್ನು ಮರುಕದಿಂದ ನೋಡಿದರು, ಬೈಕ್ ಹತ್ತಬೇಡ ಎಂದು ಉಪದೇಶ ಮಾಡಿದರು. ಅದೇ ವರ್ಷ ಅವನ ಕೆಲಸ ಕಾಯಂ ಆಯಿತು, ಮದುವೆಯೂ ಆಯಿತು. “ಅಣ್ಣಾ, ಯಾರೂ ಏನೂ ಹೇಳಿರಲಿಲ್ಲ ನೋಡ್ರಿ, ಬಂದದ್ದೆಲ್ಲ ಲಾಭ” ಎಂದು ಪೇಡೆ ಕೊಡಲು ಬಂದಾಗ ನಕ್ಕ. ನಮ್ಮ ಮನೆಯಲ್ಲಿ ಈ ಕತೆ ಎಷ್ಟೋ ದಿನ ನಗೆಯ ವಸ್ತುವಾಗಿತ್ತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ನನ್ನ ಮಗಳು ಕೃಪಾ.

ಮನೆ ಅಂದೆ. ಯುವಜನ ಸೇವಕನ ಮನೆ ಅರ್ಧ ಮನೆ, ಅರ್ಧ ಧರ್ಮಛತ್ರ. ಗಿಟಾರ್ ಹೊತ್ತವರು, ಪ್ರೀತಿ ಮುರಿದುಕೊಂಡವರು, ಅಪ್ಪನ ಜೊತೆ ಜಗಳವಾಡಿ ಬಂದವರು, ಎಲ್ಲರಿಗೂ ಅಲ್ಲಿ ಚಹಾ ಆಗಬೇಕು. ಉಪ್ಪಿಟ್ಟಿನ ಬೋಗುಣಿ ಒಲೆಯಿಂದ ಇಳಿಯುತ್ತಿರಲಿಲ್ಲ. ಸುಲೋಚನಾಳದ್ದು ಒಂದು ಹಟ ಇತ್ತು. ನಾನು ತಳೇಗಾಂವಕ್ಕೋ ಶಿರೂರಿಗೋ ಮನೆ ಭೇಟಿಗೆ ಹೋದರೆ ಬರುವ ತನಕ ಊಟ ಮಾಡುತ್ತಿರಲಿಲ್ಲ. ಯಾರದೋ ಮನೆಯಲ್ಲಿ ಉಂಡು ಬಂದು, “ನೀ ಇನ್ನೂ ಉಂಡಿಲ್ಲೇನು?” ಎಂದು ನಾನು ಸಿಡುಕುತ್ತಿದ್ದೆ. “ಉಂಡು ಬಂದ್ರೂ ಬಂದ್ರಲ್ಲಾ, ಈಗ ನಾ ಉಣತೀನಿ” ಅನ್ನುತ್ತಿದ್ದಳು. ಮಗಳು ಶಾಲೆಯಿಂದ, ಟ್ಯೂಷನ್‌ನಿಂದ ತಡವಾಗಿ ಬಂದರೂ ಅದೇ ರೀತಿ. ಸುಲೋಚನಾ ತಟ್ಟೆಯ ಮುಂದೆ ಕೈಕಟ್ಟಿ ಕುಳಿತಿರುತ್ತಿದ್ದಳು.

ಕೃಪಾ ಒಬ್ಬಳೇ ಮಗಳು. ಮುಸ್ಸಂಜೆಯಾದರೆ ಅವಳು ಚಪ್ಪಲಿಯನ್ನು ಕೈಯಿಂದ ತಡವಿ ಹುಡುಕುತ್ತಿದ್ದಳು. ಹೊಸ್ತಿಲು ಎಡವುತ್ತಿದ್ದಳು. ಇರುಳುಗುರುಡು ಇರಬೇಕು, ಗಜ್ಜರಿ ತಿನ್ನಿಸು, ನುಗ್ಗೆಸೊಪ್ಪು ತಿನ್ನಿಸು ಅಂದರು. ತಿನ್ನಿಸಿದೆವು. ಕಡೆಗೆ ಕಣ್ಣಿನ ಡಾಕ್ಟರರು, ಒಳಗಿನ ಪರದೆ ನಿಧಾನವಾಗಿ ಒಣಗುತ್ತಿದೆ, ಅಂಚಿನಿಂದ ನಡುವಿಗೆ ಕತ್ತಲು ಬರುತ್ತದೆ, ಇದಕ್ಕೆ ಔಷಧ ಇಲ್ಲ ಎಂದು ಹೇಳಿದರು. ಒಳ್ಳೆಯ ಮನುಷ್ಯ, ಸುಳ್ಳು ಭರವಸೆ ಕೊಡಲಿಲ್ಲ. ಭರವಸೆ ಕೊಡುವುದು ನಮ್ಮ ಇಲಾಖೆಯ ಕೆಲಸವಾಗಿತ್ತು.

ಸಭೆಯಲ್ಲಿ ಒಬ್ಬರಿಗೆ ಕಾಯಿಲೆ ಎಂದರೆ ಪ್ರಾರ್ಥನೆ. ಯುವಜನ ಸೇವಕನ ಮಗಳಿಗೇ ಕಾಯಿಲೆ ಎಂದರೆ ಅದು ಪರೀಕ್ಷೆ. ಶುಕ್ರವಾರದ ಮೀಟಿಂಗ್‌ನಲ್ಲಿ, ಭಾನುವಾರದ ಆರಾಧನೆಯಲ್ಲಿ, ಮನೆಮನೆಯ ಕೂಟದಲ್ಲಿ ಅವಳ ಹೆಸರು. ನಮ್ಮ ಸಭಾಪಾಲಕರು ಸುಗುಣಪ್ಪ ಎಂಬುವರು, ನನ್ನ ಮೇಲಿನವರು. ಅವರನ್ನು ಕೆಟ್ಟವರೆಂದು ಬರೆಯಲು ನನಗೆ ಕೈ ಬರುವುದಿಲ್ಲ, ಅವಳನ್ನು ತಮ್ಮ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಆಸ್ಪತ್ರೆಗೆ ಓಡಾಡಿದವರು ಅವರೇ. ಆದರೆ ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, “ನೋಡಪಾ, ಮನಿಯೊಳಗ ಎಲ್ಲೋ ವಿಶ್ವಾಸದ ಕೊರತಿ ಅದ. ಹುಡುಕು” ಅಂದರು. ಅಲ್ಮೇರಾದ ಕೀಲಿಕೈ ಹುಡುಕು ಅಂದ ಹಾಗೆ ಹೇಳಿದರು. ನಾನು ಹುಡುಕಿದೆ. ಹೆಂಡತಿಯ ಮುಖದಲ್ಲಿ ಹುಡುಕಿದೆ, ಮಗಳ ಮುಖದಲ್ಲಿ ಹುಡುಕಿದೆ.

ಆ ಬೇಸಿಗೆಯ ಯುವಜನ ಶಿಬಿರಕ್ಕೆ ಹೊರಗಿನಿಂದ ಒಬ್ಬ ಪ್ರಸಂಗಿಯನ್ನು ಕರೆಸಿದ್ದೆವು. ಮೈಕಿನಲ್ಲಿ ಗುಡುಗುವ ಮನುಷ್ಯ. ಕೃಪಾಳನ್ನು ಮುಂದೆ ಕರೆದು, ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಪ್ರಾರ್ಥಿಸಿದ. ಹುಡುಗರೆಲ್ಲ ಎದ್ದು ನಿಂತು ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಆತ ಕೈ ತೆಗೆದು, ಅವಳ ಮುಖದ ಬದಿಗೆ, ಅವಳಿಗೆ ಕಾಣದ ಕಡೆ ಬೆರಳು ಎತ್ತಿ ಹಿಡಿದ. “ಎಷ್ಟು ಬೆರಳು?” ಅಂದ. ಅವಳು ಅಳುವವರ ಸದ್ದಿಗೆ ಕಿವಿಗೊಟ್ಟಳು. ಆಮೇಲೆ, “ಮೂರು” ಅಂದಳು. ಮೂರೇ ಇದ್ದವು.

ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಗಿಟಾರ್ ಬಡಿದರು, ಕುಣಿದರು, ಅವಳನ್ನು ಎತ್ತಿಕೊಂಡರು. ಮೈಕ್ ಕೊಟ್ಟು ಸಾಕ್ಷಿ ಹೇಳಿಸಿದರು. ಕಾಣುತ್ತದೆ ಅಂದಳು. ಎಲ್ಲ ಸಭೆಗಳಿಗೂ ಸುದ್ದಿ ಹೋಯಿತು. ಅದೇ ಮಧ್ಯಾಹ್ನ ಊಟದ ಸಾಲಿಗೆ ಹೋಗುವಾಗ ಅವಳು ಕಂಬಕ್ಕೆ ಹೋಗಿ ಹಾಯ್ದಳು. ಹಣೆ ಊದಿತು. ಸುಲೋಚನಾ ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹಣೆಗೆ ನೀರು ಹಚ್ಚಿದಳು. ನಾನೂ ಹಿಂದೆ ಹೋದೆ.

“ಖರೇ ಹೇಳು. ಬೆರಳು ಕಂಡಿತ್ತೇನು?” ಅಂದಳು ತಾಯಿ.

“ಇಲ್ಲವ್ವಾ.”

“ಮತ್ತ?”

“ಎಲ್ಲಾರೂ ಅಳಲಿಕ್ಕ ಹತ್ತಿದ್ರು. ಅಪ್ಪನೂ ಅಳಲಿಕ್ಕ ಹತ್ತಿದ್ರು. ಇಲ್ಲ ಅನ್ನಲಿಕ್ಕೆ ಮನಸ್ಸು ಬರಲಿಲ್ಲ.”

ಅಂದಾಜಿಗೆ ಹೇಳಿದ್ದಳು. ಅಂದಾಜು ಸರಿಯಾಗಿಬಿಟ್ಟಿತ್ತು. ನಾನು ಸುಗುಣಪ್ಪನವರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. “ಸಾಕ್ಷಿ ಕೊಟ್ಟಾಗ್ಯದ. ಈಗ ಹಿಂದಕ್ಕ ತಗೊಂಡ್ರ ಈ ಹುಡುಗರ ವಿಶ್ವಾಸ ಏನಾಗಬೇಕು? ಸುಮ್ಮನಿರು. ದೇವರು ಮುಂದ ಪೂರ್ತಿ ಮಾಡ್ತಾನ” ಅಂದರು. ಆ ಹುಡುಗರು ನನ್ನ ಹುಡುಗರು. ವರ್ಷಗಟ್ಟಲೆ ಒಬ್ಬೊಬ್ಬರನ್ನೇ ಕರೆದು ಕೂಡಿಸಿದವನು ನಾನು. ಸುಮ್ಮನಾದೆ.

ಹೊಸಬರಿಗೆ ಇದನ್ನು ಬಿಡಿಸಿ ಹೇಳಬೇಕು. ಗುಣವಾಗದವರನ್ನು ಸಭೆ ಪ್ರೀತಿಯಿಂದ ಹೊರುತ್ತದೆ. ಆದರೆ ಗುಣವಾಯಿತು ಎಂದು ಸಾರಿದ ಮೇಲೆ ಕಾಯಿಲೆ ಉಳಿದವರಿಗೆ ಅಲ್ಲಿ ಜಾಗವಿಲ್ಲ. ಅಂದಿನಿಂದ ನನ್ನ ಮಗಳು ಕಣ್ಣಿದ್ದವಳ ಹಾಗೆ ನಟಿಸಬೇಕಾಯಿತು. ದೇವಾಲಯದ ಮೆಟ್ಟಿಲು, ಬೆಂಚಿನ ಸಾಲು, ಯಾರು ಎಲ್ಲಿ ಕೂಡುತ್ತಾರೆ, ಎಲ್ಲ ಬಾಯಿಪಾಠ ಮಾಡಿಕೊಂಡಳು. ಚಪ್ಪಲಿಯ ಸದ್ದಿನಿಂದ ಗುರುತು ಹಿಡಿದು, ದೂರದಿಂದಲೇ “ಆಂಟಿ, ಹೆಂಗಿದ್ದೀರಿ?” ಅನ್ನುತ್ತಿದ್ದಳು. ತಾಯಿ ಪ್ರೀತಿ ಉಕ್ಕಿ ಬಂದವಳಂತೆ ಅವಳ ತೋಳು ಹಿಡಿದೇ ನಡೆಯುತ್ತಿದ್ದಳು. “ಎಷ್ಟು ಮುದ್ದು ಮಾಡ್ತೀರಿ ಮಗಳನ್ನ” ಎಂದು ಜನ ಚಾಷ್ಟಿ ಮಾಡುತ್ತಿದ್ದರು. ಮನೆಯ ಸಂಜೆ ಪ್ರಾರ್ಥನೆಯಲ್ಲಿ ಪದ್ಧತಿಯಂತೆ ಚಿಕ್ಕವಳು ಮೊದಲು ಪ್ರಾರ್ಥಿಸಬೇಕು. ಅವಳು ಎಲ್ಲರಿಗಾಗಿಯೂ ಪ್ರಾರ್ಥಿಸುತ್ತಿದ್ದಳು, ತನ್ನ ಕಣ್ಣಿನ ಸುದ್ದಿ ಎತ್ತುತ್ತಿರಲಿಲ್ಲ. ನಾನು ಎತ್ತಿದ ದಿನ ಎದ್ದು ಒಳಗೆ ಹೋದಳು. “ಅಪ್ಪಾ, ನನ್ನ ಹೆಸರು ಒಂದು ಬಿಡ್ರಿ” ಅಂದಳು.

ಎರಡು ಹೊಸ ವರ್ಷ ಹಾಗೂ ಹೀಗೂ ದಾಟಿದವು. ಹಗಲ ಬೆಳಕಿನಲ್ಲಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಹೇಗೋ ಓದಿದಳು. ಮೂರನೆಯ ವರ್ಷ ನಡುವಿನ ಬೆಳಕೂ ಹೋಗಿತ್ತು. ಹೋಗುವುದು ಬೇಡ ಅಂದಳು ಸುಲೋಚನಾ. ಸೇವಕನ ಮಗಳು ಹೊಸ ವರ್ಷದ ದಿನ ಬರದಿದ್ದರೆ ಹೇಗೆ ಅಂದೆ ನಾನು. ಸಾಲಿನಲ್ಲಿ ಅವಳ ಸರದಿ ಬಂತು, ಡಬ್ಬಿ ಹಿಡಿದು ನಿಂತವನು ನಾನೇ. ಉಳಿದವರು ಕಣ್ಣು ಮುಚ್ಚಿ ಎತ್ತಿದ್ದರು, ಅವಳು ತೆರೆದ ಕಣ್ಣಲ್ಲೇ ಎತ್ತಿದಳು. ಸಭೆಯ ಕಡೆ ತಿರುಗಿದಳು. ಚೀಟಿ ಬಿಡಿಸಿದಳು. ನಾನು ಬಗ್ಗಿ ನೋಡಿದೆ. ಕುರುಡರ ಕಣ್ಣು ತೆರೆಯುವ ಮಾತಿನ ಚೀಟಿ. ನಾನೇ ಆರಿಸಿ ಹಾಕಿದ್ದು.

ಸಭೆ ಕಾಯುತ್ತಿತ್ತು. ಸುಗುಣಪ್ಪನವರು ಗಂಟಲು ಸರಿಮಾಡಿಕೊಂಡರು. ಆಗ ಹೆಂಗಸರ ಸಾಲಿನಿಂದ ಸುಲೋಚನಾ ಎದ್ದು ಬಂದಳು. “ಆಕಿ ಗಂಟಲು ಕಟ್ಟ್ಯದರಿ, ನಾ ಓದತೀನಿ” ಎಂದು ಮಗಳ ಕೈಯಿಂದ ಚೀಟಿ ತೆಗೆದುಕೊಂಡಳು. ಕಣ್ಣು ಚೀಟಿಯ ಮೇಲಿಟ್ಟು, ಉಪದೇಶ ಪೀಠದಿಂದ ಓದುವ ಗ್ರಾಂಥಿಕ ಕನ್ನಡದಲ್ಲಿ ಗಟ್ಟಿಯಾಗಿ ಓದಿದಳು:

“ಮಗಳೇ, ನೀನು ಎಷ್ಟು ತಡಮಾಡಿದರೂ ನಾನು ನಿನ್ನನ್ನು ಗದರಿಸುವುದಿಲ್ಲ, ನೀನು ಮನೆಗೆ ಬರುವ ತನಕ ನಾನು ಊಟಕ್ಕೆ ಕೂಡುವುದಿಲ್ಲ.”

ಸಭೆ ಆಮೆನ್ ಅಂದಿತು. ಸುಗುಣಪ್ಪನವರು ಕಣ್ಣು ಮುಚ್ಚಿಕೊಂಡು ತಲೆದೂಗಿದರು. ಅಂಥ ಮಾತು ನನ್ನ ಡಬ್ಬಿಯಲ್ಲಿ ಇರಲಿಲ್ಲ, ವೇದಪುಸ್ತಕದ ಯಾವ ಮೂಲೆಯಲ್ಲೂ ಇಲ್ಲ. ಅಷ್ಟು ಜನ ಹಿರಿಯರು, ಅಷ್ಟು ವರ್ಷ ವಾಕ್ಯ ಓದಿದವರು, ಒಬ್ಬರಿಗೂ ಗೊತ್ತಾಗಲಿಲ್ಲ. ಕೃಪಾಳೂ ಆಮೆನ್ ಅಂದಳು, ತಾಯಿಯ ಕೈ ಹಿಡಿದು ಬೆಂಚಿಗೆ ಹೋದಳು. ನಾನು ಮುಂದಿನವರಿಗೆ ಡಬ್ಬಿ ಚಾಚಿದೆ.

ಮನೆಗೆ ಬಂದು ಚೀಟಿ ಕೇಳಿದೆ.

“ಒಲಿಗೆ ಹಾಕಿದೆ” ಅಂದಳು ಸುಲೋಚನಾ, ಈರುಳ್ಳಿ ಹೆಚ್ಚುತ್ತ.

“ನೀ ಓದಿದ್ದು ದೇವರ ಮಾತಲ್ಲ.”

“ಅಲ್ಲ. ನನ್ನ ಮಾತು.” ಚಾಕು ಕೆಳಗಿಟ್ಟಳು. “ದೇವರು ಏನು ಮಾಡ್ತಾನೋ ನನಗ ಗೊತ್ತಿಲ್ರಿ. ಆಕಿ ಕಣ್ಣು ತೆರಿತೀನಿ ಅಂತ ಆಕಿ ಬಾಯಿಂದನ ಎಷ್ಟು ಸಲ ಓದಸ್ತೀರಿ? ನಾ ಅಂತೂ ಕಾಯತೀನಿ. ಅಷ್ಟು ನನ್ನ ಕೈಯಾಗ ಅದ.”

ದೇವರ ಹೆಸರಿನಲ್ಲಿ ಸುಳ್ಳು ಹೇಳುವುದು ದೊಡ್ಡ ಪಾಪ ಎಂದು ಹುಡುಗರಿಗೆ ಕಲಿಸಿದವನು ನಾನು. ಆ ದಿನ ನನ್ನ ಮಾತಿನ ಕಿಸೆ ಖಾಲಿಯಾಗಿತ್ತು.

ಮುಚ್ಚಿಟ್ಟದ್ದು ಬಹಳ ದಿನ ನಿಲ್ಲುವುದಿಲ್ಲ. ಒಂದು ಭಾನುವಾರ ಕೃಪಾ ಬಿಳಿ ಕೋಲು ಹಿಡಿದು ದೇವಾಲಯಕ್ಕೆ ಬಂದಳು, ಯಾರನ್ನೂ ಕೇಳದೆ. ಜನ ಬೇಗ ಕಾರಣ ಹುಡುಕಿದರು. ದೇವರು ಗುಣ ಮಾಡಿದ್ದ, ಮನೆಯವರು ಅದನ್ನು ಉಳಿಸಿಕೊಳ್ಳಲಿಲ್ಲ ಅಂದರು. ನನ್ನ ಯುವಕರಲ್ಲಿ ಕೆಲವರು ದೊಡ್ಡ ಇಂಗ್ಲಿಷ್ ಸಭೆಗಳಿಗೆ ಹೋದರು, ಅಲ್ಲಿ ದೀಪ ಚೆನ್ನ, ಡ್ರಮ್ ಚೆನ್ನ. ಉಳಿದವರಿಗೆ ಕನ್ನಡ ಅಕ್ಷರ ಬಾರದೆ ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪರದೆಯ ಮೇಲೆ ಹಾಕತೊಡಗಿದೆವು. ಪ್ರಾರ್ಥನೆ ಅರ್ಧ ಮರಾಠಿಯಾಯಿತು. ಈಗ ವಾಗ್ದಾನ ಮೊಬೈಲಿಗೇ ಬರುತ್ತದೆ, ಹಿಂದೆ ಸೂರ್ಯೋದಯದ ಚಿತ್ರ ಇಟ್ಟುಕೊಂಡು. ಈ ಎಲ್ಲ ಬದಲಾವಣೆಗಳ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಾರೆ. ನನಗೆ ಅಭಿಪ್ರಾಯ ಉಳಿದಿಲ್ಲ. ಯಾವ ಕಾಗದದಲ್ಲಿ ಬಂದರೇನು, ಯಾವ ಪರದೆಯಲ್ಲಿ ಬಂದರೇನು.

ಸುಲೋಚನಾ ಆರು ತಿಂಗಳ ಹಿಂದೆ ಹೃದಯಾಘಾತದಿಂದ ಹೋದಳು. ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಹಿಟ್ಟು ನಾದಿಟ್ಟಿದ್ದಳು, ಮಧ್ಯಾಹ್ನಕ್ಕೆ ಇರಲಿಲ್ಲ. ಸಮಾಧಿಯ ಹತ್ತಿರ ನನ್ನ ಹಳೆಯ ಹುಡುಗರು ಬಂದು ಹೆಗಲ ಮೇಲೆ ಕೈಯಿಟ್ಟು ನಾನು ಕಲಿಸಿದ ಸಮಾಧಾನದ ಮಾತುಗಳನ್ನೇ ನನಗೆ ಹೇಳಿದರು. ಒಂದೂ ಒಳಗೆ ಇಳಿಯಲಿಲ್ಲ. ನಾನು ಇವನ್ನೇ ಇಷ್ಟು ಕಾಲ ಜನರಿಗೆ ಹಂಚಿದೆನೇ ಅನ್ನಿಸಿತು. ಆ ಭಯ ಇನ್ನೂ ಬಿಟ್ಟಿಲ್ಲ.

ಕೃಪಾ ಒಂದು ಕಂಪನಿಯಲ್ಲಿ ಗ್ರಾಹಕರ ಫೋನ್ ತೆಗೆದುಕೊಳ್ಳುವ ಕೆಲಸ ಮಾಡುತ್ತಾಳೆ. ಸಂಜೆ ಪರಿಚಯದ ರಿಕ್ಷಾದವನು ಗೇಟಿನ ತನಕ ಬಿಟ್ಟು “ತಾಈ, ಸಾವಕಾಶ್” ಎಂದು ಮರಾಠಿಯಲ್ಲಿ ಹುಷಾರು ಹೇಳಿ ಹೋಗುತ್ತಾನೆ. ಅವಳು ಬರುವ ತನಕ ಕಾಯಬೇಕೆಂದು ನಾನೂ ತಟ್ಟೆಯ ಮುಂದೆ ಕುಳಿತು ನೋಡಿದೆ. ಸಕ್ಕರೆ ಕಾಯಿಲೆಯವನು, ಹೊತ್ತಿಗೆ ಸರಿಯಾಗಿ ಉಣ್ಣದೆ ಒಮ್ಮೆ ಬಿದ್ದೆ. ಆಮೇಲೆ ಅವಳೇ ಬೈದು ನಿಲ್ಲಿಸಿದಳು. ಈಗ ನಾನು ಮೊದಲೇ ಉಣ್ಣುತ್ತೇನೆ, ಅವಳ ತಟ್ಟೆ ಮುಚ್ಚಿಡುತ್ತೇನೆ. ಅವಳು ಒಬ್ಬಳೇ ಉಣ್ಣುತ್ತಾಳೆ, ನಾನು ಎದುರಿಗೆ ಕುಳಿತು ಪಲ್ಯ ಯಾವ ಕಡೆ ಇದೆ ಎಂದು ಹೇಳುತ್ತೇನೆ.

ಈ ಹೊಸ ವರ್ಷದ ಬೆಳಿಗ್ಗೆ, “ಹೋಗೋಣು ನಡೀರಿ” ಎಂದು ಅವಳೇ ಅಂದಳು. ಯಾಕೆ ಎಂದು ಕೇಳಲಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗ, ಮುದುಕರು ಇಷ್ಟಪಡುತ್ತಾರೆಂದು ಹಳೆಯ ಡಬ್ಬಿಯನ್ನೂ ಇಟ್ಟಿದ್ದಾನೆ. ಒಳಗಿರುವುದು ನಾನು ಅಚ್ಚು ಹಾಕಿಸಿ ಉಳಿದಿದ್ದ ಚೀಟಿಗಳೇ. ಈಗ ಮುಂದೆ ನಿಂತು ಓದುವ ಪದ್ಧತಿ ಇಲ್ಲ, ಎತ್ತಿಕೊಂಡು ಬೆಂಚಿಗೆ ಬಂದರಾಯಿತು. ಕೃಪಾ ಒಂದನ್ನು ಎತ್ತಿ ತಂದು ನನ್ನ ಕೈಯಲ್ಲಿಟ್ಟಳು.

“ಏನ್ ಬಂದದ ಓದ್ರಿ, ಅಪ್ಪಾ.”

ಬಿಡಿಸಿದೆ. ಅದೇ. ಕುರುಡರ ಕಣ್ಣು ತೆರೆಯುವ ಮಾತಿನ ಇನ್ನೊಂದು ಪ್ರತಿ. ಅಂಚು ಹಳದಿಯಾಗಿತ್ತು, ಅಕ್ಷರ ಸ್ಪಷ್ಟವಾಗಿತ್ತು. ಓದಲು ಬಾಯಿ ಬರಲಿಲ್ಲ. ಬೇರೆ ಏನಾದರೂ ಹೇಳೋಣವೆಂದು ನೋಡಿದೆ. ಒಂದು ಜೀವಮಾನ ದೇವರ ವಾಗ್ದಾನಗಳನ್ನು ಆರಿಸಿ, ಕತ್ತರಿಸಿ, ಮಡಚಿ ಹಂಚಿದ ನನಗೆ, ನನ್ನ ಮಗಳಿಗೆ ಹೇಳಲು ನನ್ನದೇ ಆದ ಒಂದು ಸಾಲು ಹೊಳೆಯಲಿಲ್ಲ. ಕಾಯುತ್ತೇನೆ ಅನ್ನುವಂತಿಲ್ಲ, ಬಿಡುವುದಿಲ್ಲ ಅನ್ನುವಂತಿಲ್ಲ, ನನ್ನ ವಯಸ್ಸು ನನಗೆ ಗೊತ್ತು.

“ಖಾಲಿ ಅದವ್ವಾ” ಅಂದೆ.

“ಪ್ರಕಾಶಣ್ಣಗ ಬಂದಂಗ?”

“ಹಾಂ. ಹಂಗ.”

ಅವಳು ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕೈ ಚಾಚಿ ಚೀಟಿ ತೆಗೆದುಕೊಂಡು, ಅಚ್ಚಿನ ಸಾಲಿನ ಮೇಲೆ ಬೆರಳಿನಿಂದ ಮೆಲ್ಲಗೆ ಸವರಿ, ಮಡಚಿ ನನ್ನ ಕಿಸೆಯಲ್ಲೇ ಹಾಕಿದಳು.

“ಅವ್ವ ಇದ್ದಿದ್ರ ಏನರೆ ಓದತಿದ್ಲು” ಅಂದಳು.